ಸೋದರಮಾವನಿಗಾಗಿ ಕಾದ ತುತ್ತು

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತು, ಬೇರೇನೋ ಬರೆದು ಎದ್ದಿದ್ದೇನೆ. ಇನ್ನೂ ಮುಂದೂಡುವಷ್ಟು ಆಯುಷ್ಯ ಉಳಿದಿಲ್ಲ.

೧೯೪೮ರ ಕೊನೆ. ನಿಜಾಮನ ರಾಜ್ಯದ ಮೇಲಿನ ಪೊಲೀಸ್ ಕಾರ್ಯಾಚರಣೆ ಮುಗಿದಿತ್ತು. ಉರ್ದು ಮಾಧ್ಯಮದಲ್ಲಿ ಹೈಸ್ಕೂಲು ಮುಗಿಸಿದ್ದ ನಾನು ಕಲಬುರಗಿ ಬಳಿಯ ಕಮಲಾಪುರದ ದವಾಖಾನೆಯಲ್ಲಿ ಕಂಪೌಂಡರ್. ಔಷಧ ಕಲಸಿ ಕೊಡುವುದು, ಗಾಯ ಕಟ್ಟುವುದು ನನ್ನ ಕೆಲಸ. ಡಾಕ್ಟರ್ ಜಾಗ ಖಾಲಿಯಿದ್ದದ್ದರಿಂದ ಊರಿಗೆ ನಾನೇ ಡಾಕ್ಟರ್.

ಒಂದು ಒಕ್ಕಲು ಮನೆಯ ಮುಂದಿನ ಕೋಣೆಯಲ್ಲಿ ನನ್ನ ವಾಸ, ಅಲ್ಲೇ ಊಟ. ಯಜಮಾನಿಯನ್ನು ಎಲ್ಲರೂ ದೊಡ್ಡವ್ವ ಎನ್ನುತ್ತಿದ್ದರು. ಆಕೆಯ ಸೊಸೆಗೆ ಎಂಟು ತಿಂಗಳ ಗಂಡುಕೂಸು. ಆ ಮನೆತನದಲ್ಲಿ ಕೂಸಿಗೆ ಮೊದಲ ತುತ್ತನ್ನು ಸೋದರಮಾವನೇ ಉಣಿಸಬೇಕು. ಆ ಮಾವನೋ ರಜಾಕಾರರ ಗದ್ದಲದಲ್ಲಿ ಸೊಲ್ಲಾಪುರದ ಕಡೆ ಹೋದವನು, ತಿರುಗಿ ಬಂದಿರಲಿಲ್ಲ. ಸೊಸೆಯ ಹಾಲು ಬತ್ತುತ್ತಿತ್ತು.

“ನಾವು ರೊಟ್ಟಿ ಮುರದ್ರ ಕೂಸೂ ಬಾಯಿ ಆಡಸ್ತದರೀ. ಇನ್ನ ಎಷ್ಟು ದಿನ ಕಾಯೂದು?” ಎಂದು ಆಕೆ ಅತ್ತೆಯನ್ನು ನನ್ನೆದುರಿಗೇ ಕೇಳಿದಳು.

ದೊಡ್ಡವ್ವ ನಕ್ಕಳು. “ನಿಮ್ಮಣ್ಣ ಏನು ನಿಜಾಮನ ತಖ್ತದ ಮ್ಯಾಲ ಕೂಡಾಕ ಹೋಗ್ಯಾನೇನು? ಬರ್ತಾನ ತಗಿ. ಹೌದಿಲ್ರೀ ಕಂಪೌಂಡರ್ ಸಾಬ?”

ಆರು ತಿಂಗಳಾದ ಮೇಲೆ ಮೆತ್ತಗಿನ ಅನ್ನ, ಗಂಜಿ ಕೊಡಬಹುದೆಂದು ನನಗೆ ಗೊತ್ತಿತ್ತು. ಆದರೆ ನಾನು ಉಣ್ಣುತ್ತಿದ್ದದ್ದು ದೊಡ್ಡವ್ವ ಬಡಿದ ರೊಟ್ಟಿ. “ಹಿರೇರು ಹೇಳಿದಂಗ ಕೇಳವ್ವ” ಎಂದೆ.

ಕೆಲವು ದಿನಗಳಲ್ಲಿ ಕೂಸಿಗೆ ಭೇದಿ ಹತ್ತಿತು. ಓಣಿಯಲ್ಲಿ ಆಗ ಅನೇಕರಿಗೆ ಭೇದಿಯಾಗುತ್ತಿತ್ತು. ಸೊಸೆ ಒಬ್ಬಳೇ ಕೂಸನ್ನು ದವಾಖಾನೆಗೆ ತಂದು ಪಿಸುಗುಟ್ಟಿದಳು: “ಕೆಂಪು ಬಾಳಿಹಣ್ಣು ಹಿಚಕಿ ಎರಡು ಸಲ ತಿನಸೀನ್ರೀ. ಎಷ್ಟು ಆಸೆಲೆ ತಿಂತು ಅಂತೀರಿ! ಅತ್ತೆವ್ವಗ ಹೇಳಬ್ಯಾಡ್ರೀ, ಕೈ ಮುಗೀತೀನಿ.”

ಸಂಜೆ ಊಟಕ್ಕೆ ಕೂತಾಗ ದೊಡ್ಡವ್ವ ಭೇದಿಗೆ ಕಾರಣ ಕೇಳಿದಳು. ತಿಳಿದವನಂತೆ ಕಾಣಿಸುವ ಆಸೆಗೆ ಹೇಳಿಬಿಟ್ಟೆ: “ಬಾಳೆಹಣ್ಣು ತಿನಿಸಿದ್ದಾಳೆ.” ಕೂಸಿಗೆ ಬಾರ್ಲಿ ನೀರಿನ ಹೊರತು ಏನೂ ಕೊಡಬೇಡಿ ಎಂದೂ ವಿಧಿಸಿದೆ. ಆ ಕಾಲದ ಪಥ್ಯವೇ ಹಾಗಿತ್ತು. ಅಂದಿನಿಂದ ಅತ್ತೆ ಕೂಸನ್ನು ತಾಯಿಯ ಎದೆಗೂ ಬಿಡಲಿಲ್ಲ. ನಾನು ಕಂಡೂ ಸುಮ್ಮನಿದ್ದೆ. ಕೂಸಿಗೆ ಅಳುವ ಶಕ್ತಿಯೂ ಇಲ್ಲದಾದಾಗ ಬಂಡಿ ಕಟ್ಟಿ ಕಲಬುರಗಿಗೆ ಹೊರಟೆವು. ಆಸ್ಪತ್ರೆಗೆ ಸೇರಿಸಿದ ಮಧ್ಯಾಹ್ನವೇ ಕೂಸು ಹೋಯಿತು.

ಅಲ್ಲಿನ ಡಾಕ್ಟರ್ ಹೈದರಾಬಾದಿನವರು, ಕನ್ನಡ ಬಾರದು. ನನ್ನನ್ನು ಪಕ್ಕಕ್ಕೆ ಕರೆದು ಉರ್ದುವಿನಲ್ಲಿ ಹೇಳಿದರು: ಬಾಳೆಹಣ್ಣಿನಿಂದ ಕೂಸು ಸಾಯುವುದಿಲ್ಲ ಮಿಯಾ, ಭೇದಿ ಕೆಟ್ಟ ನೀರಿನಿಂದ ಬಂದದ್ದು. ಮೊದಲೇ ಬಡಕಲು ಕೂಸು, ಅದನ್ನು ಉಪವಾಸ ಯಾಕೆ ಕೆಡವಿದಿರಿ?

ವರಾಂಡದಲ್ಲಿ ಅತ್ತೆ ಸೊಸೆ ಇಬ್ಬರೂ ನನ್ನ ಮುಖ ನೋಡುತ್ತಿದ್ದರು.

“ಡಾಕ್ಟರ್ ಸಾಬ ಏನಂದ್ರು?”

“ನಾನು ಹೇಳಿದ್ದೇ ಅಂದರು” ಎಂದೆ.

ದೊಡ್ಡವ್ವ ಸೊಸೆಯ ಕಡೆ ತಿರುಗಿ, “ತಿಂದಿ ನೋಡು ನಿನ್ನ ಕೂಸಿನ್ನ” ಎಂದಳು. ನನ್ನ ಮಾತನ್ನು ಸೊಸೆಯೂ ನಂಬಿದ್ದಳು.

ದೊಡ್ಡವ್ವನೂ ಆಕೆಯ ಮಗನೂ ಸೇರಿ ಅವಳನ್ನು ಮನೆಯಿಂದ ಹೊರಹಾಕಿದರು. ಕೊನೆಗೆ ಅಣ್ಣ ಬಂದಾಗ ಉಣಿಸಲು ಕೂಸಿರಲಿಲ್ಲ. ತಂಗಿಯನ್ನು ಕರೆದುಕೊಂಡು ಹೋದ.

ವರ್ಷಗಳ ಮೇಲೆ ಕಲಬುರಗಿಗೆ ವರ್ಗವಾಗಿ ಬಂದೆ. ಬ್ರಹ್ಮಪುರ ಓಣಿಯ ಒಂದು ಮನೆಗೆ ಇಂಜೆಕ್ಷನ್ ಕೊಡಲು ಹೋದಾಗ ಅಲ್ಲಿ ಕೂಲಿಗೆ ರೊಟ್ಟಿ ಬಡಿಯುತ್ತಿದ್ದವಳು ಆ ಸೊಸೆಯೇ. ಮನೆಯಾಕೆ ಮಗುವಿಗೆ ಅನ್ನ ಕಲಸಿದ ಬಟ್ಟಲು ಚಾಚಿ, “ಸ್ವಲ್ಪ ಉಣಸವ್ವ” ಎಂದಳು. ಆಕೆ ಎರಡೂ ಕೈ ಸೆರಗಿನೊಳಗೆ ಸೇರಿಸಿಕೊಂಡಳು.

“ನನ್ನ ಕೈ ಛಲೋ ಇಲ್ರೀ ಅವ್ವಾರ. ನೀವೇ ಉಣಸ್ರಿ.”

ನಿನ್ನ ತಪ್ಪಲ್ಲವೆಂದು ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಸೂಜಿ ತೊಳೆದು ಪೆಟ್ಟಿಗೆ ಮುಚ್ಚಿ ಹೊರಟುಬಂದೆ.

ಕೂಸಿನ ಹಸಿವನ್ನು ತಾಯಿ ಬಲ್ಲಳು. ಆದರೆ ಬಟ್ಟಲು ಇನ್ಯಾರದೋ ಕೈಯಲ್ಲಿರುತ್ತದೆ, ಆ ಕೈಗೆ ನಮ್ಮಂಥವರ ಮಾತೇ ಬಲ. ನೌಕರಿ ನನಗೆ ಕಲಿಸಿದ್ದು ಇಷ್ಟು. ಕಲಿತದ್ದರಿಂದ ಯಾರಿಗೂ ಏನೂ ಮರಳಿ ಸಿಗಲಿಲ್ಲ. ಆಕೆ ತೀರಿಕೊಂಡ ಸುದ್ದಿ ಆಮೇಲೆ ಕೇಳಿದೆ. ಊರವರ ಬಾಯಲ್ಲಿ ಕೊನೆಯವರೆಗೂ ಕೂಸು ತಿಂದಾಕೆಯಾಗಿಯೇ ಉಳಿದಳು. ಆಕೆಯ ಹೆಸರು ಚಂದಮ್ಮ.