ಮೂರು ಊರಿನ ತಾರಸಿ ಯಾತ್ರೆ

ಕಾಶಿ, ರಾಮೇಶ್ವರ ನೋಡಿದ್ದೀರಿ, ಒಪ್ಪಿದೆ. ಮೂರು ಊರು ಸುತ್ತಿ ಬರೀ ತಾರಸಿ ನೋಡಿ ಬಂದಿದ್ದೀರಾ? ಇಲ್ಲ ತಾನೆ? ನಾನು ಬಂದಿದ್ದೇನೆ. ಒಂದೇ ಬೆರಳಿನಲ್ಲಿ ಫೋನ್ ಒತ್ತಿ ಬರೆದಿದ್ದೇನೆ, ನಿಧಾನಕ್ಕೆ ಓದಿ.

ಮೇ ತಿಂಗಳಲ್ಲಿ ಧಾರವಾಡದಿಂದ ಅಹಮದಾಬಾದಿಗೆ ಹೋದೆ. ಅಳಿಯನನ್ನು ಬ್ಯಾಂಕಿನವರು ಅಲ್ಲಿಗೆ ವರ್ಗ ಮಾಡಿ ಎಷ್ಟೋ ವರ್ಷವಾಯಿತು. ಮೊಮ್ಮಗಳು ಅನಘಾ ಬೆಳೆದದ್ದು ಅಲ್ಲೇ. ಅವಳ ಕನ್ನಡದಲ್ಲಿ ಅರ್ಧ ಹಿಂದಿ. ಊರಿನ ಕಟ್ಟಡಗಳನ್ನೆಲ್ಲ ಕಂಪ್ಯೂಟರಿನೊಳಗೆ ಕಟ್ಟುವುದು ಅವಳ ಕೆಲಸ. ಗೋಡೆ, ಕಿಟಕಿ, ತಾರಸಿ, ಒಳಗಿನ ಜನ, ಎಲ್ಲ ಸೇರಿ ಯಾವ ಮನೆ ಯಾವ ಹೊತ್ತಿಗೆ ಎಷ್ಟು ಕರೆಂಟ್ ತಿನ್ನುತ್ತದೆಂದು ಅದು ಹೇಳುತ್ತದೆ. ಸೂರಿಗೆ ಬಿಳಿ ಬಣ್ಣ ಬಳಿದರೆ ಮನೆ ಎಷ್ಟು ತಂಪಾದೀತು ಎಂದು ಬಣ್ಣ ತರುವ ಮೊದಲೇ ತಿಳಿಯುತ್ತದಂತೆ.

"ಸೂರತ್‌ನ್ಯಾಗ ಪಾಲಿಕೆ ಸಾಹೇಬ್ರಿಗೆ ತೋರಸಬೇಕು ಅಜ್ಜಿ. ನನ್ನ ಲೆಕ್ಕ, ಅಸಲಿ ಮೀಟರ್, ಎರಡೂ ಮ್ಯಾಚ್ ಆದ್ರ ಅಲ್ಲಿನ ಪಾಂಡೇಸರಾದ ತಗಡಿನ ಮನಿಗಳಿಗೆ ಈ ಬ್ಯಾಸಿಗ್ಯಾಗೇ ಬಣ್ಣ. ಇಲ್ಲಾಂದ್ರ ಮುಂದಿನ ವರ್ಷ."

"ಅಲ್ಲೀತನಕ ಅವರು ಬೇಯಬೇಕೇನ?"

"ಅದಕ್ಕೇ ಡರ್ ಆಗೇತಿ," ಎಂದಳು.

ಲೆಕ್ಕ ಪರೀಕ್ಷಿಸಲು ಮೊದಲು ವಡೋದರಾಕ್ಕೆ, ರೈಲಿನಲ್ಲಿ ಎರಡು ತಾಸು. ಕಿಟಕಿಯ ಗಾಳಿ ಒಲೆಯ ಬಾಯಿಂದ ಬಂದ ಹಾಗಿತ್ತು. ನಿಲ್ದಾಣದಲ್ಲಿ ಖಮಣ ಎಂಬ ಕಡಲೆಬೇಳೆ ತಿಂಡಿ ಕೊಂಡೆವು. ಜೊತೆಗೆ ಹಸಿಮೆಣಸಿನಕಾಯಿ ಕೊಟ್ಟಿರದಿದ್ದರೆ ಪ್ರಸಾದವೆಂದು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದೆ, ಅಷ್ಟು ಸಿಹಿ.

ವಡೋದರಾದ ಮಂಜಲ್‌ಪುರದಲ್ಲಿ ಒಂದು ವಾರ ಇದ್ದೆವು. ಅಲ್ಲಿನ ಒಂದು ಅಪಾರ್ಟ್‌ಮೆಂಟಿನ ಕೆಲವು ಮನೆಯವರು ಅನಘಾಳ ಪುಟ್ಟ ಮೀಟರ್ ಹಾಕಿಸಿಕೊಳ್ಳಲು ಒಪ್ಪಿದ್ದರು; ನಾವೂ ಅಲ್ಲೇ ಇಳಿದುಕೊಂಡೆವು. ಅವಳು ಲ್ಯಾಪ್‌ಟಾಪಿನ ಮುಂದೆ, ನಾನು ಗೋಡೆಯ ಮುಂದೆ. ಎಷ್ಟಂತ ಕೂಡಲಿ? ಮೇಲಿನ ಮನೆಯ ಹಂಸಾಬೆನ್ ಚಹಾಕ್ಕೆ ಕರೆದರು. ಮರುದಿನ ಎದುರು ಮನೆಯವರು, ಆಮೇಲೆ ಪಕ್ಕದವರು. ಬಾಗಿಲು ದಾಟಿದ ಕೂಡಲೇ ಟಪ್ ಅಂತ ಎಸಿ ಹಾಕುತ್ತಿದ್ದರು. ಚಳಿಗೆ ನಾನು ಸೆರಗು ಹೊದ್ದುಕೊಂಡು ಬಿಸಿ ಚಹಾ ಕೇಳಿ ಕೇಳಿ ಕುಡಿಯುತ್ತಿದ್ದೆ. ಬೇಡ ಅನ್ನಲು ಸಂಕೋಚ.

ವಾರ ಮುಗಿಯುವಾಗ ಅನಘಾ ತಲೆ ಹಿಡಿದು ಕೂತಿದ್ದಳು.

"ಮಧ್ಯಾಹ್ನ ಇಲ್ಲಿ ಯಾರೂ ಎಸಿ ಹಾಕಂಗಿಲ್ಲ ಅಂತ ಅವರೇ ಹೇಳ್ಯಾರ. ಆದ್ರ ಮೀಟರ್ ಪಾಗಲ್ ಆಗೇತಿ! ಸೋಮವಾರ ಹಂಸಾಬೆನ್ ಮನ್ಯಾಗ ಏರೇತಿ, ಮಂಗಳವಾರ ಎದುರಿಗೆ, ಬುಧವಾರ ಬಾಜೂಕ. ದೆವ್ವ ಮನಿಮನಿ ತಿರುಗಿದಂಗ."

ನಾನು ಸೆರಗು ಸರಿಮಾಡಿಕೊಂಡೆ. "ಆ ದೆವ್ವಕ್ಕ ಚಹಾ ಭಾಳ ಸೇರತದವಾ," ಎಂದೆ.

ಅವಳು ನನ್ನನ್ನೇ ನೋಡಿದಳು. ನಗಲಿಲ್ಲ. ನನ್ನನ್ನು ಎಳೆದುಕೊಂಡು ಹಂಸಾಬೆನ್ ಮನೆಗೆ ಹೋಗಿ ಕೇಳಿದಳು. ಅವರಿಗೇ ಆಶ್ಚರ್ಯ: "ಮತ್ತೆ? ನಿಮ್ಮಜ್ಜಿ ಅಷ್ಟು ದೂರದಿಂದ ಬಂದಿದ್ದಾರೆ, ಬೆವರುವಂತೆ ಕೂರಿಸಲೇ? ನಾವಿಬ್ಬರೇ ಇದ್ದರೆ ಫ್ಯಾನ್ ಸಾಕು."

ನನ್ನ ಚಹಾದ ಮಧ್ಯಾಹ್ನಗಳನ್ನು ಬಿಟ್ಟು ನೋಡಿದರೆ ಲೆಕ್ಕ ಮೀಟರಿಗೆ ಸರಿಯಾಗಿ ಕೂತಿತು. ಆದರೂ ಸೂರತ್ ರೈಲಿನಲ್ಲಿ ಅವಳ ಮುಖ ಅರಳಲಿಲ್ಲ. "ಬೇಕಾದ್ದು ಇಟಗೊಂಡು ಬ್ಯಾಡಾದ್ದು ಬಿಟ್ಟಾಳ ಅಂತಾರ, ಅಜ್ಜಿ."

"ನಾನೇ ಬಂದು ನಿಲ್ಲತೀನಿ, ನೋಡಲಿ," ಎಂದೆ.

ಅಂದ ಹಾಗೇ ಆಯಿತು. ಪಾಲಿಕೆ ಕಚೇರಿಯ ಗೋಡೆಯ ಮೇಲೆ ಮೀಟರಿನ ಗೆರೆಗಳು ಮೂಡಿದ್ದೇ ಅಲ್ಲಿನ ಹಿರಿಯ ಎಂಜಿನಿಯರ್ ಕೇಳಿದರು: "ಈ ಮಧ್ಯಾಹ್ನಗಳು ಎಲ್ಲಿ?"

ಅನಘಾ ಮುಚ್ಚಿಡಲಿಲ್ಲ. ಕಡೆಯ ಕುರ್ಚಿಯಲ್ಲಿದ್ದ ನನ್ನತ್ತ ಬೆರಳು ತೋರಿಸಿ, "ಅಲ್ಲಿ ಕೂತಿವೆ, ಸರ್," ಎಂದಳು. ಬಿಟ್ಟ ಗೆರೆಗಳನ್ನೂ ತೆರೆದು, ಯಾವ ದಿನ ಯಾರ ಮನೆಯಲ್ಲಿ ಚಹಾ ಎಂದು ವಿವರಿಸಿದಳು. ನಾನು ಎದ್ದು ಕೈಮುಗಿದೆ. ಎಂಜಿನಿಯರ್ ಕನ್ನಡಕ ತೆಗೆದು ನಕ್ಕರು: "ನಮ್ಮ ಅತ್ತೆ ಬಂದರೆ ನಮ್ಮ ಮನೆಯಲ್ಲೂ ಇದೇ ಗೆರೆ." ಅಷ್ಟು ಸಾಕಿತ್ತು, ಒಬ್ಬೊಬ್ಬರೂ ತಂತಮ್ಮ ನೆಂಟರ ಕಥೆ ತೆಗೆದರು. ಕೊನೆಗೆ ಎಂಜಿನಿಯರ್, "ಮೊದಲು ಒಂದು ಗಲ್ಲಿಗೆ ಬಳಿಯೋಣ, ಈ ವಾರವೇ," ಎಂದರು. ಹೊರಗೆ ಬಂದು ಅನಘಾ ನನಗೆ ಲೋಚೋ ಎಂಬ ಸೂರತ್ ತಿಂಡಿ ಕೊಡಿಸಿದಳು. ಕಲಸಿಟ್ಟ ಹಾಗೆ ಕಾಣುತ್ತದೆ, ಆದರೆ ಬಾಯಿಗೆ ಹಿತ.

ಹೊರಡುವ ಮುಂಚೆ ಪಾಂಡೇಸರಾಕ್ಕೆ ಹೋದೆವು. ಬಟ್ಟೆಗೆ ಬಣ್ಣ ಹಾಕುವ ಗಿರಣಿಗಳ ಹಿಂದೆ ಸಾಲು ತಗಡಿನ ಮನೆಗಳು. ಮೊದಲ ಸೂರಿನ ಮೇಲೆ ಇಬ್ಬರು ಬಿಳಿ ಬಳಿಯುತ್ತಿದ್ದರು, ನೋಡಿದರೆ ಕಣ್ಣು ಕುಕ್ಕುತ್ತಿತ್ತು. ಕೆಳಗೆ ಬಾಗಿಲಲ್ಲಿ ಮನೆಯೊಡತಿ ನಿಂತಿದ್ದಳು. ಗಂಡ ಗಿರಣಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಒಳಗೆ ಹೊರಳಾಡುತ್ತಿದ್ದ. ಹಗಲು ಕಾದ ಕಾವಲಿಯಂಥ ಆ ತಗಡಿನ ಕೆಳಗೆ ಅವನಿಗೆ ನಿದ್ದೆಯೇ ಹತ್ತುವುದಿಲ್ಲವಂತೆ.

ನನ್ನ ಹರುಕು ಹಿಂದಿಯಲ್ಲಿ ಜಂಬ ಕೊಚ್ಚಿದೆ: "ಚಿಂತೆ ಬಿಡು ಮಗಳೇ, ನನ್ನ ಮೊಮ್ಮಗಳ ಕಂಪ್ಯೂಟರಿನಲ್ಲಿ ನಿನ್ನ ಮನೆ ಆಗಲೇ ತಂಪಾಗಿದೆ."

ಅವಳು ಸೊಂಟದ ಮೇಲೆ ಕೈಯಿಟ್ಟಳು. "ನನ್ನ ಗಂಡ ಕಂಪ್ಯೂಟರಿನಲ್ಲಿ ಮಲಗುವುದಿಲ್ಲ, ಮಾತಾಜಿ. ಬಣ್ಣ ಒಣಗಲಿ. ಮಟಮಟ ಮಧ್ಯಾಹ್ನ ಇವನು ಗೊರಕೆ ಹೊಡೆದರೆ ನಾನೇ ಫೋನ್ ಹಚ್ಚಿ ಕೇಳಿಸುತ್ತೇನೆ. ಆಗ ಹೇಳು ನಿನ್ನ ಮೊಮ್ಮಗಳಿಗೆ, ಲೆಕ್ಕ ಸರಿ ಅಂತ!"