ಎರಡನೆಯ ಸಲದ ನೀರು

ಅಮರಮ್ಮನಿಗೆ ದೇವರಿಗಿಂತ ಆಸಿಡ್ಡಿನ ಭಯವೇ ಹೆಚ್ಚು. ನೀರಮಾನ್ವಿಯ ಈ ಹೆಣ್ಣುಮಗಳು ದೇವದುರ್ಗದ ಕಾಲೇಜಿಗೆ ಬಂದದ್ದೇ ಗಂಡ ಗದ್ದೆಪ್ಪ ತೀರಿಕೊಂಡ ಮೇಲೆ, ಅವನ ಅಟೆಂಡರ್ ಕೆಲಸಕ್ಕೆ. ಕೆಲಸವೆಂದರೆ ಒಂದೇ ಏನು? ಕಸ ಗುಡಿಸಬೇಕು, ಗಂಟೆ ಹೊಡೆಯಬೇಕು, ಲ್ಯಾಬಿನಲ್ಲಿ ಆಸಿಡ್ಡಿಗೆ ನೀರು ಕೂಡಿಸಿ ತೆಳು ಮಾಡಿಡಬೇಕು. ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಒಂದು ತಪ್ಪಾದರೂ ಮನೆಗೆ ಕಳಿಸುವವರೇ ಎಲ್ಲ.

ಲೆಕ್ಚರರ್ ವೆಂಕೋಬರಾಯರು ಮೊದಲ ದಿನವೇ ಹೇಳಿಕೊಟ್ಟಿದ್ದರು. "ಒಂದಕ್ಕ ಹತ್ತು ಅಂದ್ರ ಹತ್ತು ಪಾಲು ನೀರಲ್ಲ, ಅಮರಮ್ಮ. ನೀರು ಒಂಬತ್ತು, ಆಸಿಡ್ ಒಂದು, ಕೂಡಿ ಹತ್ತು. ನೀರು ಮೊದ್ಲು, ಆಸಿಡ್ ಆಮ್ಯಾಲೆ. ಅದರಾಗ ಒಂದು ಪಾಲು ತಗೊಂಡು ಮತ್ತ ಒಂಬತ್ತು ಪಾಲು ನೀರಿಗೆ ಹಾಕು. ಆಗ ನೂರರಾಗ ಒಂದು ಆಗ್ತದ. ಹುಡುಗ್ರು ಗಾಜಿನ ನಳಿಗಿ ಹಚ್ಚಿ ಬಾಯಿಲೆ ಎಳಿಯೋದು ಅದನ್ನ, ನೆಪ್ಪಿರಲಿ."

ಎಪ್ಪತ್ತೇಳನೆಯ ಇಸವಿಯ ಪ್ರಾಕ್ಟಿಕಲ್ ಪರೀಕ್ಷೆಯ ಬೆಳಿಗ್ಗೆ ಮೊದಲ ಸಲದ ಒಂದಕ್ಕೆ ಹತ್ತು ಮುಗಿಸಿ ಜಾಡಿ ಇಟ್ಟಿದ್ದಳಷ್ಟೆ, "ಅಮರಮ್ಮಾ, ಗಂಟಿ!" ಎಂದು ಆಫೀಸಿನಿಂದ ಕೂಗು. ಲ್ಯಾಬಿನ ಬಾಗಿಲ ಹೊರಗಿನ ಗಂಟೆಯನ್ನು ಹೊಡೆದು ಬಂದಳು. ಅಷ್ಟರಲ್ಲಿ ಪರೀಕ್ಷಕರು ರಾಯಚೂರು ಬಸ್ಸಿನಿಂದ ಇಳಿದಾಗಿತ್ತು. ಗಡಿಬಿಡಿಯಲ್ಲಿ ಜಾಡಿ ಎತ್ತಿ, ಬಾಟಲಿಗಳಿಗೆ ತುಂಬಿ, ಮೇಜುಗಳ ಮೇಲೆ ಇಟ್ಟಳು.

ಹುಡುಗರೆಲ್ಲ ಒಳಗೆ ಬಂದು ನಿಂತ ಮೇಲೆ ಅವಳಿಗೆ ಅನುಮಾನ ಹತ್ತಿತು. ಎರಡನೆಯ ಸಲ ನೀರಿಗೆ ಹಾಕಿದೆನೇ? ಹಾಕಿದ ಹಾಗೂ ಅನ್ನಿಸಿತು, ಹಾಕದ ಹಾಗೂ ಅನ್ನಿಸಿತು. ಹಾಳಾದ ಆಸಿಡ್ಡಿಗೆ ಒಂದು ಬಣ್ಣವಾದರೂ ಬೇಡವೇ! ಕಟುವಾಗಿದ್ದರೂ ನೀರಿನ ಹಾಗೆ, ತೆಳುವಾಗಿದ್ದರೂ ನೀರಿನ ಹಾಗೆ. ಹೇಳಿದರೆ ಪರೀಕ್ಷೆ ನಿಲ್ಲುತ್ತದೆ. ಸುಮ್ಮಸುಮ್ಮನೆ ನಿಲ್ಲಿಸಿದಳೆಂದು ನೌಕರಿ ಹೋಗುತ್ತದೆ. ಹೇಳದಿದ್ದರೆ? ಯಾರ ಮಗುವಿನ ಬಾಯಿ ಸುಡುತ್ತದೋ! ಬಾಗಿಲ ಚೌಕಟ್ಟು ಹಿಡಿದು ನಿಂತಳು.

ಮುಂದಿನ ಸಾಲಿನಲ್ಲಿದ್ದವಳು ಜಾಲಹಳ್ಳಿಯ ಜಂಬಮ್ಮ, ಕಡ್ಡಿಯಂಥ ಹುಡುಗಿ. ಗಾಜಿನ ನಳಿಗೆಯನ್ನು ಬಾಟಲಿಗೆ ಅದ್ದಿ ಮೇಲಿನ ತುದಿಗೆ ತುಟಿ ತಂದಳು. 'ಬ್ಯಾಡ ಯವ್ವಾ' ಎನ್ನಬೇಕು, ಆದರೆ ಅಮರಮ್ಮನಿಗೆ ಬಾಯಿಯೇ ಬರಲಿಲ್ಲ. ತಿರುಗಿದವಳೇ ಬಾಗಿಲ ಹೊರಗೆ ತೂಗುತ್ತಿದ್ದ ಗಂಟೆಯನ್ನು ಎರಡೂ ಕೈಯಿಂದ ಬಡಿದಳು, ಬಡಿದಳು, ಊರಿಗೆ ಬೆಂಕಿ ಬಿದ್ದ ಹಾಗೆ ಬಡಿದಳು.

ಜಂಬಮ್ಮ ಬೆಚ್ಚಿಬಿದ್ದಳು. ಕೈ ತಾಗಿ ಬಾಟಲಿ ಉರುಳಿ ನೆಲಕ್ಕೆ ಬಿತ್ತು.

"ತಲಿ ಕೆಟ್ಟದೇನು ನಿನಗ? ಪರೀಕ್ಷಾ ನಡದಾಗ ಇದೇನಿದು!" ವೆಂಕೋಬರಾಯರು ಕೂಗುತ್ತ ಹೊರಗೆ ಬಂದರು.

ಅಮರಮ್ಮ ಒಳಗಿನ ನೆಲದತ್ತ ಕೈ ತೋರಿಸಿದಳು. ಸುಣ್ಣದಂಶದ ಶಾಬಾದಿ ಕಲ್ಲಿನ ಮೇಲೆ ಚೆಲ್ಲಿದ ಆಸಿಡ್ ಬುಸುಬುಸು ನೊರೆಯುಕ್ಕಿಸುತ್ತಿತ್ತು. ಎರಡನೆಯ ಸಲವೂ ತೆಳು ಮಾಡಿದ್ದರೆ ಅಷ್ಟು ನೊರೆ ಏಳುತ್ತಿರಲಿಲ್ಲ. ಅದು ರಾಯರಿಗೆ ಗೊತ್ತು.

"ಯಾರೂ ಬಾಯಿ ಹಚ್ಚಬ್ಯಾಡ್ರಿ!" ಎಂದು ಒಳಗೆ ಓಡಿದರು.

ಬಾಟಲಿಗಳನ್ನೆಲ್ಲ ಬರಿದು ಮಾಡಿ, ಈ ಸಲ ಇಬ್ಬರೂ ಕೂತು ಅಳೆದು, ಪರೀಕ್ಷೆ ಮುಗಿಸುವಷ್ಟರಲ್ಲಿ ಸಂಜೆಯಾಯಿತು. ಅಮರಮ್ಮ ಮೂಲೆಯಲ್ಲಿ ನಿಂತು ಮನೆಗೆ ಕಳಿಸುವ ಮಾತನ್ನೇ ಕಾಯುತ್ತಿದ್ದಳು.

"ಅಳತಿ ನಡುವ ನಿನ್ನ ಎಬ್ಬಿಸಿದ್ದು ನಮ್ಮ ತಪ್ಪು," ಎಂದರು ರಾಯರು. "ನಾಳಿಯಿಂದ ಗಂಟಿ ಬ್ಯಾರೆಯವ್ರು ಹೊಡೀಲಿ."

"ಬ್ಯಾಡ್ರಿ ಸರ," ಎಂದಳು ಅಮರಮ್ಮ. "ಗಂಟಿ ನನ್ ಕೈಯಾಗ ಇರಲಿ. ಅಂಜಿದ್ರ ನನಗ ಬಾಯಿ ಬರಂಗಿಲ್ರಿ."

ಮುಂದೆ ಖಾಯಂ ಆಗಿ ಮಾನ್ವಿಗೆ ವರ್ಗವಾದಾಗಲೂ ಗಂಟೆಯ ಕೆಲಸವನ್ನು ಕೇಳಿ ಪಡೆದಳು. ಅಳತೆ ಅರ್ಧಕ್ಕಿದ್ದರೆ ಮಾತ್ರ ಯಾರು ಕೂಗಿದರೂ ಏಳುತ್ತಿರಲಿಲ್ಲ. ಅಂಥ ದಿನ ಮಾನ್ವಿಯ ಹುಡುಗರಿಗೆ ಊಟದ ಗಂಟೆ ತಡವಾಗುತ್ತಿತ್ತು.