ಮುಳುಗದ ನಾಲ್ಕು ಹಡಗುಗಳು

ಹೈದರಾಬಾದಿನಲ್ಲಿ ಸಮುದ್ರವಿಲ್ಲ. ಆದರೂ ನಿವೃತ್ತಿಯ ನಂತರದ ಕೆಲವು ವರ್ಷಗಳನ್ನು ನಾನು ಹಿಮಾಯತ್‌ನಗರದ ನಮ್ಮ ಮನೆಯ ಊಟದ ಮೇಜಿನ ಮುಂದೆ, ಪಶ್ಚಿಮ ಕರಾವಳಿಯಲ್ಲಿ ಶತಮಾನಗಳ ಹಿಂದೆ ನಡೆದ ಒಂದು ನೌಕಾಯುದ್ಧದೊಂದಿಗೆ ಕಳೆದೆ. ಶತ್ರುಗಳ ಹನ್ನೊಂದು ಹಡಗುಗಳು ಮುಳುಗಿದವೆಂದು ಗೆದ್ದ ಅರಸನ ಆಸ್ಥಾನದ ಬರಹಗಾರ ಬರೆದಿದ್ದ. ಆಮೇಲೆ ಬಂದವರೆಲ್ಲ ಅದನ್ನೇ ನಕಲು ಮಾಡಿದ್ದರು. ಸೋತವರ ಪತ್ರಗಳ ಅನುವಾದವೊಂದು ಕೋಠಿಯ ಹಳೆಯ ಪುಸ್ತಕದಂಗಡಿಯಲ್ಲಿ ಸಿಕ್ಕಿದ ದಿನ ನನ್ನ ಕೆಲಸ ಆರಂಭವಾಯಿತು.

ಸೇವಾವಧಿಯನ್ನೆಲ್ಲ ಲೆಕ್ಕ ತನಿಖೆಯಲ್ಲಿ ಸವೆಸಿದವನಿಗೆ ಒಂದೇ ಪ್ರಶ್ನೆ ಗೊತ್ತು: ಕಂಡವರು ಯಾರು? ಪ್ರತಿ ಹಡಗಿಗೂ ಅದನ್ನೇ ಕೇಳಿದೆ. ಮೂರು ಹಡಗುಗಳು ಎರಡೆರಡು ಸಲ ಮುಳುಗಿದ್ದವು. ಒಮ್ಮೆ ಹಡಗಿನ ಹೆಸರಿನಲ್ಲಿ, ಇನ್ನೊಮ್ಮೆ ಅದರ ಕಪ್ತಾನನ ಹೆಸರಿನಲ್ಲಿ. ಮತ್ತೊಂದು, ಯುದ್ಧದ ಮರುವರ್ಷ ಬೇರೆ ಬಂದರಿನಲ್ಲಿ ನಿಂತು ಮೆಣಸು ತುಂಬಿಸಿಕೊಳ್ಳುತ್ತಿತ್ತು. ಉಳಿದದ್ದು ಏಳು.

ಅದೇ ಸಮಯಕ್ಕೆ ನಮ್ಮ ಕನ್ನಡ ಬಳಗದ ಹಿರಿಯರೊಬ್ಬರ ಸಹಸ್ರಚಂದ್ರದರ್ಶನಕ್ಕೆ ಅಭಿನಂದನ ಗ್ರಂಥ ಸಿದ್ಧವಾಗುತ್ತಿತ್ತು. ಹಿರಿಯರು ಅದೇ ಕರಾವಳಿಯವರು. ಆ ಗೆಲುವು ತಮ್ಮ ಮನೆಯದೇ ಎಂಬಂತೆ ಮಾತನಾಡುತ್ತಿದ್ದರು. ಸಂಪಾದಕರು ನಿವೃತ್ತ ಉಪನ್ಯಾಸಕರು, ವಯಸ್ಸಿನಲ್ಲಿ ನನಗಿಂತ ಕಿರಿಯರು. ಆ ಯುದ್ಧದ ಬಗ್ಗೆ ಗ್ರಂಥಕ್ಕೆಂದು ನಾನು ಕಳಿಸಿದ ಲೇಖನ ತಲುಪಿದ ಮೇಲೆ ಅವರ ಫೋನ್ ಬಂತು.

"ಸಾಹೇಬ್ರ, ಲೇಖನ ಭಾಳ ಛಲೋ ಐತಿ. ಆದ್ರ ಏಳಕ್ಕ ಯಾಕ ಇಳಿಸೀರಿ? ಶುಭಕಾರ್ಯದಾಗ ಏರಿಸ್ಬೇಕು, ಇಳಿಸಬಾರ್ದು."

"ನಾ ಇಳಿಸಿಲ್ಲರಿ. ಅವು ಮುಳುಗೇ ಇಲ್ಲ."

"ಇಷ್ಟು ವರ್ಷ ಮುಳುಗ್ಯಾವ, ಇನ್ನೊಂದು ದಿನ ಮುಳುಗಲಿ ಬಿಡ್ರಿ!" ಎಂದು ನಕ್ಕರು. ನಾನು ನಗಲಿಲ್ಲ. "ಆತ್ರಿ, ನೀವು ಹೇಳಿದ್ಹಂಗ ಆಗಲಿ," ಎಂದರು.

ಸಮಾರಂಭ ಸಿಕಂದರಾಬಾದಿನಲ್ಲಿ. ಲೇಖಕನಾದ ನನಗೆ ದೊರೆತದ್ದು ನಾಲ್ಕನೆಯ ಸಾಲು, ಶಾಮಿಯಾನ ಹಾಕಿದವರ ಹಿಂದೆ. ಗ್ರಂಥ ತೆರೆದೆ: ಹನ್ನೊಂದು. ಅಡಿಟಿಪ್ಪಣಿಗಳು ಇರಬೇಕಾದ ಜಾಗದಲ್ಲಿ ಸೀರೆ ಅಂಗಡಿಯೊಂದರ ಶುಭಾಶಯ. ನನ್ನ ಹೆಸರು ಮಾತ್ರ ದಪ್ಪ ಅಕ್ಷರದಲ್ಲಿ, ತಪ್ಪಿಲ್ಲದೆ. ಊಟದ ಪಂಕ್ತಿಯಲ್ಲಿ ಕೇಳಿದಾಗ ಸಂಪಾದಕರು, "ಮೊದಲ ಊಟಾ ಮಾಡ್ರಿ. ಹಡಗು ಯಾರು ಎಣಸ್ತಾರ?" ಎಂದು ನನ್ನ ಎಲೆಗೆ ತಾವೇ ಹೋಳಿಗೆ ಬಡಿಸಿದರು. ಅದನ್ನು ಎಲೆಯಲ್ಲೇ ಬಿಟ್ಟು ಎದ್ದೆ.

ತಿದ್ದುಪಡಿ ಕೋರಿ ಬಳಗದ ಪತ್ರಿಕೆಗೆ ಮತ್ತೆ ಮತ್ತೆ ಬರೆದೆ, ಉತ್ತರವಿಲ್ಲ. ದಿನಪತ್ರಿಕೆಯೊಂದು, ಇದು ಸಾರ್ವಜನಿಕ ಆಸಕ್ತಿಯ ವಿಷಯವಲ್ಲ ಎಂದು ಎರಡು ಸಾಲಿನಲ್ಲಿ ತಿಳಿಸಿತು.

ಕಳೆದ ವರ್ಷ ನಮ್ಮ ಮೇಲಿನ ಮನೆಗೆ ಮೈಸೂರಿನ ತರುಣಿಯೊಬ್ಬಳು ಬಂದಳು. ಐಟಿ ಕಂಪನಿಯ ಕೆಲಸ. ರಜೆಯಲ್ಲಿ ಅಂತರಜಾಲದ ಕನ್ನಡ ವಿಶ್ವಕೋಶವೊಂದಕ್ಕೆ ಬರೆಯುತ್ತಾಳೆ. ಬಹಳ ಸಂತೋಷದಿಂದ ಮೊಬೈಲು ತೋರಿಸಿದಳು. ಆ ಯುದ್ಧ, ಹನ್ನೊಂದು ಹಡಗುಗಳು, ಆಧಾರ: ನನ್ನ ಹೆಸರು.

ನಡೆದದ್ದನ್ನು ಹೇಳಿ, ನನ್ನ ಟಿಪ್ಪಣಿಗಳನ್ನೆಲ್ಲ ಅವಳ ಮುಂದಿಟ್ಟೆ. ಒಂದು ಸಂಜೆಯಿಡೀ ಕೂತು ಓದಿದಳು. ಅಷ್ಟು ಗಮನದಿಂದ ಅವನ್ನು ಓದಿದವರು ಬೇರೆ ಯಾರೂ ಇಲ್ಲ.

"ನೀವು ಹೇಳೋದೇ ಸರಿ ಅನ್ಸತ್ತೆ ಸರ್. ಆದ್ರೆ ಅಚ್ಚಾಗಿರೋ ಆಧಾರ ಬೇಕು."

"ಬರೆದವನೇ ಹೇಳಾಕತ್ತೀನಲ್ಲಮ್ಮಾ!"

"ನಾಳೆ ಇನ್ಯಾರೋ ಬಂದು, ಅಚ್ಚಲ್ಲಿರೋದು ನನ್ನ ಮಾತಲ್ಲ ಅಂದ್ರೆ ನೀವು ಒಪ್ತೀರಾ ಸರ್?"

ಒಪ್ಪುತ್ತಿರಲಿಲ್ಲ. ಅಂಥ ಎಷ್ಟು ಮಂದಿಯನ್ನು ನನ್ನ ಕಚೇರಿಯ ಮೇಜಿನಿಂದ ಬರಿಗೈಯಲ್ಲಿ ಕಳಿಸಿದ್ದೇನೆ!

"ಎಲ್ಲಾದ್ರೂ ತಿದ್ದುಪಡಿ ಅಚ್ಚಾಗ್ಲಿ, ಅವತ್ತೇ ಬದಲಾಯಿಸ್ತೀನಿ," ಎಂದಳು.

ಸಂಪಾದಕರಿಗೆ ಮತ್ತೆಂದೂ ಫೋನ್ ಮಾಡಬಾರದೆಂದಿದ್ದವನು ಮಾಡಿದೆ. ಹಿರಿಯರು ಅಷ್ಟರಲ್ಲಿ ತೀರಿಕೊಂಡಿದ್ದರು.

"ಭಾಳ ಛಲೋ ಆತು, ನೀವೇ ಮಾಡಿದ್ರಿ. ನೆನಪಿನ ಸಂಚಿಕೆ ತರಾಕತ್ತೀವಿ. ನಿಮ್ಮ ಲೇಖನಾನೂ ಮತ್ತ ಹಾಕೀವಿ."

"ಏಳು ಅಂತ ತಿದ್ದಿ ಹಾಕ್ರಿ."

"ಹೋದವರ ಕೈಯಾಗಿಂದು ಕಸಗೊಂಡಂಗ ಆಕ್ಕೈತಿ. ಛಂದ ಕಾಣಂಗಿಲ್ಲರಿ."

"ಹಂಗಾದ್ರ ನನ್ನ ಲೇಖನಾನೇ ತಗದುಬಿಡ್ರಿ."

"ಪ್ರೆಸ್ಸಿಗೆ ಹೋಗಿಬಿಟ್ಟೈತಿ, ಸಾಹೇಬ್ರ."

ಬದುಕಿದ್ದಾಗ ಅಶುಭ, ಸತ್ತ ಮೇಲೆ ಅಗೌರವ. ಈ ಎರಡರ ನಡುವೆ ಸತ್ಯಕ್ಕೆ ಒಂದು ತಿಥಿಯನ್ನಾದರೂ ಅವರು ನನಗೆ ತಿಳಿಸಬಹುದಿತ್ತು.

ಸಂಚಿಕೆ ಅಂಚೆಯಲ್ಲಿ ಬಂತು. ಹನ್ನೊಂದು. ಆ ಭಾನುವಾರ ಮೇಲಿನ ಮನೆಯ ತರುಣಿ ಕೆಳಗೆ ಬಂದು, ಅದನ್ನು ತೆರೆದು ನೋಡಿದಳು.

"ಸರ್, ಈಗ ಎರಡನೇ ಆಧಾರ ಆಯ್ತು. ನಿಯಮದ ಪ್ರಕಾರ ಇದನ್ನೂ ಸೇರಿಸ್ಬೇಕು. ನಿಮಗೆ ಬೇಜಾರಾಗೋದಾದ್ರೆ ಬಿಟ್ಟುಬಿಡ್ತೀನಿ, ಯಾರಿಗೂ ಗೊತ್ತಾಗಲ್ಲ."

ಒಬ್ಬರಿಗೆ ಬೇಸರವಾದೀತೆಂದು ಲೆಕ್ಕವನ್ನು ಬಾಗಿಸಿದವರನ್ನು ನಾನು ಈ ಜನ್ಮಕ್ಕೆ ಸಾಕಾಗುವಷ್ಟು ಕಂಡಿದ್ದೆ.

"ಸೇರಿಸಮ್ಮ," ಎಂದೆ. ಪುಟಸಂಖ್ಯೆಯನ್ನು ನಾನೇ ಓದಿ ಹೇಳಿದೆ.